ಗಿಣ್ಣ ಮೊದಲು ಕರುವಿಗೆ, ಆಮೇಲೆ ಓಣಿಗೆ

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯ ಮಗ್ಗಗಳಲ್ಲಿ ಚಾದರ, ಟಾವೆಲ್ ನೇಯುವವರಲ್ಲಿ ಸುತ್ತಲ ಹಳ್ಳಿಗಳಿಂದ ಬರುವವರೂ ಇದ್ದಾರೆ. ಕುಂಭಾರಿ, ವಳಸಂಗದ ಕಡೆ ಮನೆ ಮುಂದೆ ಒಂದೆರಡು ಎಮ್ಮೆ ಕಟ್ಟಿಕೊಂಡು ಪಾಳಿ ಕೆಲಸಕ್ಕೆ ಬರುವ ಕುಟುಂಬಕ್ಕೆ ಹಾಲಿನ ದುಡ್ಡು ಕಿರಾಣಿ ಖರ್ಚಿಗೆ ಆಧಾರ. ಇಂಥ ಮನೆಯಲ್ಲಿ ಎಮ್ಮೆ ಈಯಿತೆಂದರೆ ಓಣಿಗೆಲ್ಲ ಸುದ್ದಿ. "ಗಿಣ್ಣ ಐತೇನ್ರಿ?" ಎಂದು ಕನ್ನಡದವರು, "ಚೀಕ ಆಹೇ ಕಾ?" ಎಂದು ಮರಾಠಿಯವರು ಪಾತ್ರೆ ಹಿಡಿದು ಬಂದೇ ಬಿಡುತ್ತಾರೆ. ಈ ಗದ್ದಲದಲ್ಲಿ ಗೂಟದ ಬಳಿ ಬಿದ್ದಿರುವ ಕರುವನ್ನು ಕೇಳುವವರಿಲ್ಲ.

ಗಿಣ್ಣದ ಹಾಲು ಕರುವಿಗೆ ಬರೀ ಆಹಾರವಲ್ಲ, ಅದೇ ಮೊದಲ ಲಸಿಕೆ. ಮನುಷ್ಯರ ಕೂಸು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ರೋಗನಿರೋಧಕ ಕಣಗಳನ್ನು ಪಡೆಯುತ್ತದೆ. ಆಕಳು, ಎಮ್ಮೆಗಳಲ್ಲಿ ಆ ದಾರಿ ಇಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಬೇಕಾದ್ದೆಲ್ಲ ಗಿಣ್ಣದಿಂದಲೇ ಸಿಗಬೇಕು. ಅದಕ್ಕೂ ಗಡುವುಂಟು. ಹುಟ್ಟಿದ ಮೊದಲ ತಾಸುಗಳಲ್ಲಿ ಕರುವಿನ ಕರುಳು ಈ ಕಣಗಳನ್ನು ಇದ್ದಂತೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆರು ತಾಸು ಕಳೆದರೆ ಆ ಶಕ್ತಿ ಇಳಿಯುತ್ತದೆ, 24 ತಾಸಿಗೆ ಬಾಗಿಲು ಮುಚ್ಚಿದಂತೆಯೇ ಸರಿ. ಆಮೇಲೆ ಕೊಡಗಟ್ಟಲೆ ಕುಡಿಸಿದರೂ ಹೊಟ್ಟೆ ತುಂಬೀತು, ರಕ್ಷಣೆ ಸಿಗದು. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಮೊದಲ ದಿನವೇ ಎರಡು ಮೂರು ಸಲ ಕುಡಿಸಬೇಕು. ಮೊದಲ ಗುಟುಕು ಈದ ಎರಡು ತಾಸಿನೊಳಗೆ ಹೋಗಬೇಕು.

ತೊಡಕಿರುವುದು ಇಲ್ಲೇ. "ಕಸ ಬೀಳ್ಲಿ, ಆಮ್ಯಾಲೆ ಕುಡಿಸೋಣು" ಎನ್ನುವ ಹಿರಿಯರು ಇನ್ನೂ ಇದ್ದಾರೆ. ಕಸ ಬೀಳಲು ಎಂಟು ತಾಸಾದರೂ ಆದೀತು. ಅಷ್ಟರಲ್ಲಿ ಮನೆಯ ಗಂಡಸು ಬೆಳಗಿನ ಪಾಳಿಗೆ ಹೋಗಿರುತ್ತಾನೆ, ಕರು ಉಪವಾಸ. ನಿಜ ಸಂಗತಿ ಉಲ್ಟಾ ಇದೆ: ಕರು ಮೊಲೆ ಚೀಪಿದರೆ ತಾಯಿಯ ಮೈಯಲ್ಲಿ ಹುಟ್ಟುವ ರಸ ಗರ್ಭಕೋಶವನ್ನು ಹಿಂಡಿ ಕಸ ಬೀಳಲು ನೆರವಾಗುತ್ತದೆ. (ಬಾಣಂತಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿಯೂ ಇದೇ ಜಾತಿಯ ತಪ್ಪು.)

ಕೋಣಗರುವಿನ ಪಾಡಂತೂ ಹೇಳತೀರದು. "ಅದನ್ನ ಸಾಕಿ ಏನ್ ಮಾಡೂದ್ರಿ?" ಎಂಬ ಮಾತು ಸಾಮಾನ್ಯ. ಆದರೆ ಕರು ಸತ್ತರೆ ಎಮ್ಮೆ ಸೊರ ಬಿಡದು ಎಂಬುದು ಎಮ್ಮೆ ಕಟ್ಟಿದ ಎಲ್ಲರಿಗೂ ಗೊತ್ತು. ಆಗ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸುವುದು, ಇಲ್ಲವೇ ಕದ್ದು ಇಂಜೆಕ್ಷನ್ ಚುಚ್ಚುವುದು. ಒಂದೆರಡು ಲೀಟರ್ ಗಿಣ್ಣ ಮಾರಿದ ದುಡ್ಡಿಗೆ ಒಂದು ಸೂಲಿನ ಹಾಲನ್ನೇ ಪಣಕ್ಕಿಡುವುದು ಯಾವ ಲೆಕ್ಕ?

ಜನ ಗಿಣ್ಣ ತಿನ್ನಬಾರದೆಂದಲ್ಲ. ಆಕಳ ಮಾಮೂಲಿ ಹಾಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರು, ಮೂರೂವರೆಯಷ್ಟಿದ್ದರೆ, ಮೊದಲ ಗಿಣ್ಣದಲ್ಲಿ 14ರ ಆಸುಪಾಸು. ಎ ಜೀವಸತ್ವವೂ ಹೆಚ್ಚು. ಕರುವಿಗೆ ಕುಡಿಸಿ ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿ ಬೇಯಿಸಿದರೆ ಒಳ್ಳೆ ಪುಷ್ಟಿಯ ತಿನಿಸು. ಆದರೆ ಬೇಯಿಸಿದಾಗ ರೋಗನಿರೋಧಕ ಕಣಗಳು ನಾಶವಾಗುತ್ತವೆ, ಆದ್ದರಿಂದ ಅದು ಔಷಧವಲ್ಲ. ಹಾಗೆಂದು ಹಸಿಯಾಗಿ ಕುಡಿದರೆ ಬ್ರುಸೆಲ್ಲಾದಂಥ ಕಾಯಿಲೆ ಅಂಟುವ ಭಯ. ಇನ್ನು ಅಂಗಡಿಗಳಲ್ಲಿ ಸಿಗುವ ಖರವಸ ಕೆಲವೊಮ್ಮೆ ಚೈನಾ ಗ್ರಾಸ್, ಹಾಲಿನ ಪುಡಿಯ ಕರಾಮತ್ತು; ರುಚಿಗೆ ತಿನ್ನಬಹುದು, ಪುಷ್ಟಿಗೆಂದು ಅಲ್ಲ.

ಮಿಕ್ಕ ಗಿಣ್ಣವನ್ನು ಡೇರಿಯ ಕ್ಯಾನಿಗೆ ಸುರಿಯುವುದೂ ತಪ್ಪು. ಹಾಲೆಂದು ಮಾರುವುದರಲ್ಲಿ ಗಿಣ್ಣ ಇರಕೂಡದೆಂದು ಆಹಾರ ಸುರಕ್ಷತೆಯ 2011ರ ನಿಯಮವೇ ಹೇಳಿತ್ತು. ಕಾಯಿಸಿದರೆ ಒಡೆದು ಇಡೀ ಕ್ಯಾನ್ ಹಾಳು. ಬದಲಿಗೆ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟರೆ ಕೆಲವು ವಾರ ಕೆಡದು. ಓಣಿಯಲ್ಲಿ ತಾಯಿ ಸತ್ತ ಕರು ಹುಟ್ಟಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆಯಿಟ್ಟು ಕರಗಿಸಿ ಕುಡಿಸಬಹುದು, ಕುದಿಸಬಾರದು.

ಎಮ್ಮೆ ಗಬ್ಬವಾಗಿ ಸುಮಾರು 310 ದಿನಕ್ಕೆ ಈಯುತ್ತದೆ, ಆಕಳಿಗೆ 280. ದಿನ ಹತ್ತಿರ ಬಂದಾಗ ಪಾಳಿಗೆ ಹೊರಡುವವರು ಮನೆಯವರಿಗೆ ಇಷ್ಟು ಹೇಳಿ ಹೋದರೆ ಸಾಕು: ಕಸಕ್ಕೆ ಕಾಯಬೇಡಿ, ಕರು ಬಿಡಿ. ಗಡಿ ಹಳ್ಳಿಗಳ ಪಶು ದವಾಖಾನೆ ಮತ್ತು ಹಾಲಿನ ಸೊಸೈಟಿಗಳ ಗೋಡೆಯ ಮೇಲೂ ಇದೇ ಮಾತು ಮರಾಠಿಯ ಜತೆ ಕನ್ನಡದಲ್ಲೂ ಬರಲಿ.