ಅಂಗುಲವೋ, ಮಿಲಿಮೀಟರೋ?

ಬಾಲ್ಸಾ ಮರದ ಹಾಳೆ, ಅಂಟು, ಬ್ಲೇಡು ಎಲ್ಲವೂ ಸಿದ್ಧ. ಆದರೆ ಪುಟ್ಟ ವಿಮಾನ ಕಟ್ಟಲು ಕುಳಿತ ವಿದ್ಯಾರ್ಥಿ ಮೊದಲು ಎಡವುವುದು ಅಳತೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಮೂಲ ಅಳತೆಗಳು ಅಡಿ-ಅಂಗುಲಗಳಲ್ಲಿವೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ರೂಢಿಯಾಗಿರುವುದು ಸೆಂಟಿಮೀಟರು. ಇವೆರಡನ್ನು ಬೆಸೆಯುವ ಕೊಂಡಿ ಒಂದೇ: 1 ಅಂಗುಲವೆಂದರೆ 25.4 ಮಿ.ಮೀ. ಇದು ಅಂದಾಜಲ್ಲ, 1959ರಲ್ಲಿ ಬ್ರಿಟನ್, ಅಮೆರಿಕ ಮುಂತಾದ ದೇಶಗಳು ಒಪ್ಪಿಕೊಂಡ ಖಚಿತ ಮೌಲ್ಯ.

ಮಾದರಿ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ 1:72. ಏಕೆ 72? ಆರು ಅಡಿಗೆ 72 ಅಂಗುಲ. ಹಾಗಾಗಿ ಆರಡಿ ಎತ್ತರದ ಪೈಲಟ್ ಈ ಮಾದರಿಯಲ್ಲಿ ಸರಿಯಾಗಿ ಒಂದಂಗುಲ ಆಗುತ್ತಾನೆ!

ಈಗ ಲೆಕ್ಕ ಮಾಡಿ. ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ 10 ಅಂಗುಲ, ಅಂದರೆ 442 ಅಂಗುಲ. ಅದನ್ನು 25.4ರಿಂದ ಗುಣಿಸಿದರೆ 11,226.8 ಮಿ.ಮೀ. 72ರಿಂದ ಭಾಗಿಸಿದರೆ 155.9 ಮಿ.ಮೀ. ‘ಅಂಗುಲಕ್ಕೆ 25 ಸಾಕು’ ಎಂದುಕೊಂಡರೆ ಬರುವುದು 153.5, ಸುಮಾರು ಎರಡೂವರೆ ಮಿ.ಮೀ. ಕಡಿಮೆ. ರೆಕ್ಕೆಗೆ ಒಂದು ಲೆಕ್ಕ, ಒಡಲಿಗೆ ಇನ್ನೊಂದು ಲೆಕ್ಕ ಹಿಡಿದರೆ ಎರಡೂ ಕೂಡುವುದೇ ಇಲ್ಲ. ಆದ್ದರಿಂದ ದಶಾಂಶಗಳನ್ನು ಕೊನೆಯ ಉತ್ತರದಲ್ಲಿ ಮಾತ್ರ ಸರಿದೂಗಿಸಿ.

ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸಿ 1961ರಲ್ಲಿ ಮೊದಲು ಹಾರಿಸಿದ ‘ಮಾರುತ್’ ಯುದ್ಧವಿಮಾನದ್ದು ಸುಲಭದ ಲೆಕ್ಕ. ಅದರ ರೆಕ್ಕೆ 9 ಮೀಟರ್. 9,000ವನ್ನು 72ರಿಂದ ಭಾಗಿಸಿ: 125 ಮಿ.ಮೀ.

ಆಟಿಕೆಯಲ್ಲಿ ತಪ್ಪಿದರೆ ಹೋಗುವುದು ಒಂದು ಮರದ ಚೂರು. ನಿಜ ವಿಮಾನದಲ್ಲಿ? 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ ಇಂಧನ ತುಂಬುವಾಗ ತೂಕವನ್ನು ಕಿಲೋಗ್ರಾಂನಲ್ಲಿ ಲೆಕ್ಕಹಾಕಬೇಕಿತ್ತು. ಲೀಟರಿಗೆ 0.8 ಕಿಲೋ ಎಂದು ಹಿಡಿಯುವ ಬದಲು ಪೌಂಡಿನ ಅಂಕಿಯಾದ 1.77 ಅನ್ನು ಹಿಡಿದರು. ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ ಇಂಧನ ಹೊತ್ತು ವಿಮಾನ ಮೇಲೇರಿತು. ನಡುಹಾದಿಯಲ್ಲಿ ಎರಡೂ ಎಂಜಿನ್‌ಗಳು ನಿಂತವು. ಪೈಲಟ್‌ಗಳು ಅದನ್ನು ಗ್ಲೈಡರ್‌ನಂತೆ ತೇಲಿಸಿ, ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕುಳಿದರು.

ಪಾಲಕರಿಗೆ ಒಂದು ಮಾತು. ಮಗುವಿನ ಕೈಗೆ ಕ್ಯಾಲ್ಕುಲೇಟರ್ ಕೊಡುವ ಮೊದಲು, ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಮಾನವನ್ನು ಬರೆಯುವ ಅಭ್ಯಾಸ ಮಾಡಿಸಿ. ಬರೀ ‘442’ ಎಂದರೆ ಏನೂ ತಿಳಿಯದು. ‘442 ಅಂಗುಲ’ ಎಂದರೆ ಮಾತ್ರ ಅದು ಅಳತೆ.