ರಾಮನ್ ಸಂಸ್ಥೆಯೂ ಬಳ್ಳಾರಿಯ ಮಕ್ಕಳೂ

ಮೈಸೂರು ಮಹಾರಾಜರು 1934ರಲ್ಲಿ ಬೆಂಗಳೂರಿನಲ್ಲಿತ್ತ ಭೂಮಿಯ ಮೇಲೆ, ಸರ್ಕಾರದ ಹಣಕ್ಕೆ ಕೈಯೊಡ್ಡದೆ ದಾನಿಗಳ ಔದಾರ್ಯವನ್ನೂ ಸ್ವಂತ ಗಳಿಕೆಯನ್ನೂ ನೆಚ್ಚಿ, ಸರ್ ಸಿ. ವಿ. ರಾಮನ್ನರು 1948ರಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದಾಗ, ನಮ್ಮ ಬಳ್ಳಾರಿಯು ಇನ್ನೂ ಮದರಾಸು ಪ್ರಾಂತ್ಯದಲ್ಲಿದ್ದಿತು. 1970ರಲ್ಲಿ ಅವರು ಕಾಲವಶರಾದ ತರುವಾಯ, ಸಂಸ್ಥೆಯು 1972ರಿಂದ ಕೇಂದ್ರದ ಅನುದಾನವನ್ನು ಸ್ವೀಕರಿಸಿಯೂ ಸ್ವಾಯತ್ತವಾಗಿಯೇ ಉಳಿದು, ನಿರ್ದೇಶಕ ರಾಧಾಕೃಷ್ಣನ್ನರ ಕಾಲದಲ್ಲಿ ಖಭೌತ ವಿಜ್ಞಾನಕ್ಕೂ ದ್ರವಸ್ಫಟಿಕಗಳ ಅಧ್ಯಯನಕ್ಕೂ ವಿಸ್ತರಿಸಿತು. ಆ ನಿರ್ದೇಶಕರು ರಾಮನ್ನರ ಪುತ್ರರೆಂಬುದಕ್ಕಿಂತ, ಪಲ್ಸಾರ್‌ಗಳ ಅಧ್ಯಯನದಿಂದ ಜಗತ್ಪ್ರಸಿದ್ಧರಾದವರೆಂಬುದೇ ನನಗೆ ಹಿರಿದು.

ಸಿರುಗುಪ್ಪದ ಭತ್ತದ ಗದ್ದೆಗಳಂಚಿನಲ್ಲಿಯೋ ಕುರುಗೋಡಿನ ಬೆಟ್ಟದ ಬುಡದಲ್ಲಿಯೋ ಇರುಳಿನ ಆಗಸವನ್ನು ನಿಟ್ಟಿಸುತ್ತ ಬೆಳೆವ ಮಕ್ಕಳಿಗೆ ಈ ಸಂಸ್ಥೆಯ ಹೆಸರಾದರೂ ತಿಳಿದಿರಬೇಡವೆ? ಬಳ್ಳಾರಿಯ ವಿಶ್ವವಿದ್ಯಾಲಯವು ಅಲ್ಲಿಯ ವಿದ್ವಾಂಸರನ್ನು ವರ್ಷಕ್ಕೊಮ್ಮೆ ಬರಮಾಡಿಕೊಂಡು, ಈ ಎರಡೂ ಊರುಗಳ ಶಾಲೆಗಳಲ್ಲಿ ಕನ್ನಡದಲ್ಲಿಯೇ ಉಪನ್ಯಾಸಗಳನ್ನು ಏರ್ಪಡಿಸತಕ್ಕದ್ದು.