ಭಾಗವತರನ್ನು ಮಸುಕು ಮಾಡುವ ಕ್ಯಾಮೆರಾ ಯಾಕೆ ಮಾರಾಯ್ರೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಪತ್ತನಾಜೆಯವರೆಗೆ ಯಕ್ಷಗಾನ ಇಲ್ಲದ ರಾತ್ರಿ ಹುಡುಕಬೇಕು. ಈಗ ಕ್ಯಾಮೆರಾ ಇಲ್ಲದ ಆಟವನ್ನೂ ಹುಡುಕಬೇಕು! ಸಂತೋಷವೇ. ಆದರೆ ವಿಡಿಯೋ ಮಾಡುವ ಹುಡುಗರ ಬಾಯಲ್ಲಿ ಒಂದೇ ರಾಗ: "ಇದು ಮಧ್ಯಮ ದರ್ಜೆಯ ಮಿರರ್‌ಲೆಸ್, ಫುಲ್ ಫ್ರೇಮ್ ತಗೊಳ್ಳದೆ ರಾತ್ರಿ ಆಟ ಸರಿ ಬರುವುದಿಲ್ಲ."

ಸುಳ್ಳು ಸ್ವಾಮಿ.

ರಂಗಸ್ಥಳ ಈಗ ಕತ್ತಲೆಯ ಜಾಗ ಅಲ್ಲ. ಕಣ್ಣು ಕುಕ್ಕುವಷ್ಟು ಲೈಟು ಇರುತ್ತದೆ. ಅಲ್ಲಿ ಎಫ್/4, ಐಎಸ್‌ಒ 800ರ ಆಸುಪಾಸಿನಲ್ಲಿ ಎಪಿಎಸ್-ಸಿ ಕ್ಯಾಮೆರಾ ಧಾರಾಳ ಸಾಕು. ಪಂಜಿನ ಬೆಳಕಲ್ಲೇ ನಡೆಯುವ ಕೋಲಕ್ಕೆ ದೊಡ್ಡ ಸೆನ್ಸರಿನಿಂದ ಲಾಭ ಉಂಟು, ಒಪ್ಪಿದೆ. ಆಟಕ್ಕೆ ಯಾಕೆ?

"ಹಿನ್ನೆಲೆ ಚೆಂದ ಬ್ಲರ್ ಆಗ್ತದೆ" ಅಂತಾರೆ. ಇದೇ ನನಗೆ ಸಿಟ್ಟು ತರಿಸುವುದು! ವೇಷಧಾರಿಯ ಹಿಂದೆ ಕೂತವರು ಯಾರು? ಭಾಗವತರು, ಮದ್ದಳೆ, ಚೆಂಡೆಯವರು. ಭಾಗವತರ ಕಣ್ಸನ್ನೆಗೆ ವೇಷ ತಿರುಗುತ್ತದೆ, ವೇಷದ ಹೆಜ್ಜೆಗೆ ಚೆಂಡೆ ಉತ್ತರ ಕೊಡುತ್ತದೆ. ಹಿಮ್ಮೇಳ ಮುಮ್ಮೇಳ ಎರಡೂ ಕಾಣಬೇಕು. ಹಿಮ್ಮೇಳವನ್ನು ಮಸುಕು ಮಾಡಿದರೆ ಉಳಿಯುವುದು ಮದುವೆ ಆಲ್ಬಂ, ಯಕ್ಷಗಾನ ಅಲ್ಲ. ಎಪಿಎಸ್-ಸಿಯಲ್ಲಿ ಎಫ್/4ಕ್ಕೆ ಸಿಗುವ ಸ್ಪಷ್ಟತೆಯ ಆಳ ಫುಲ್ ಫ್ರೇಮಿನಲ್ಲಿ ಬೇಕಾದರೆ ಸುಮಾರು ಎಫ್/6ಕ್ಕೆ ಹೋಗಬೇಕು. ಅಂದರೆ ದುಡ್ಡು ಕೊಟ್ಟು ತಂದ ಲಾಭ ಅಲ್ಲೇ ಹೋಯಿತು.

ಇನ್ನು ಶಬ್ದ. ಲಕ್ಷ ರೂಪಾಯಿಯ ಕ್ಯಾಮೆರಾ, ಅದರ ಒಳಗಿನದೇ ಮೈಕು! ಚೆಂಡೆ ಬಿದ್ದ ಕೂಡಲೇ ಆಟೋ ಲೆವೆಲ್ ಶಬ್ದವನ್ನು ತಗ್ಗಿಸುತ್ತದೆ, ಪದ್ಯ ಮುಳುಗುತ್ತದೆ. ಸೌಂಡಿನವರನ್ನು ಕೇಳಿ ಮಿಕ್ಸರಿನಿಂದ ಒಂದು ಲೈನ್ ತೆಗೆದು ಸಣ್ಣ ರೆಕಾರ್ಡರಿಗೆ ಹಾಕಿ. ನೇರ ಕ್ಯಾಮೆರಾದ ಮೈಕ್ ತೂತಿಗೆ ಚುಚ್ಚಬೇಡಿ, ಒಡಕು ಸದ್ದು ಬರುತ್ತದೆ. ಆರಂಭದಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ, ಆಮೇಲೆ ಜೋಡಿಸುವುದು ಸುಲಭ.

ಅಮೆರಿಕದವರ ಪಾಠ ನೋಡಿ 30 ಫ್ರೇಮ್, 1/60 ಇಟ್ಟುಕೊಂಡು "ಲೈಟು ಮಿಣುಕುತ್ತದೆ" ಅಂತ ಗೋಳಾಡುವವರೂ ಇದ್ದಾರೆ. ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮ್, 1/50 ಇಡಿ, ಮಿಣುಕು ಬಹುಪಾಲು ಹೋಗುತ್ತದೆ. ಬಿಳಿ ಸಮತೋಲನ ಆಟೋದಲ್ಲಿ ಬಿಡಬೇಡಿ, ಬಣ್ಣದ ವೇಷದ ಬಣ್ಣವೇ ಬದಲಾಗುತ್ತದೆ.

ಕೊಳ್ಳುವ ಮುಂಚೆ ಕೇಳಬೇಕಾದದ್ದು ಬೇರೆಯೇ ಇದೆ. ಎಷ್ಟು ಹೊತ್ತು ನಿಲ್ಲದೆ ಓಡುತ್ತದೆ? 2018ರ ಕ್ಯಾನನ್ ಎಂ50 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತದೆ, ವಾದ ಅರ್ಧದಲ್ಲಿ ಕಟ್! 2019ರ ಸೋನಿ ಎ6400ಕ್ಕೆ ಆ ಮಿತಿ ಇಲ್ಲ, ಯುಎಸ್‌ಬಿಯಿಂದ ಕರೆಂಟೂ ಕೊಡಬಹುದು. 100 ಎಂಬಿಪಿಎಸ್‌ನ 4ಕೆ ಗಂಟೆಗೆ 45 ಜಿಬಿ ತಿನ್ನುತ್ತದೆ, ಎಂಟು ಗಂಟೆಗೆ 360 ಜಿಬಿ. 50 ಎಂಬಿಪಿಎಸ್‌ನ ಫುಲ್ ಎಚ್‌ಡಿಗೆ ಅದರ ಅರ್ಧ ಸಾಕು. ನಮ್ಮ ಸೆಖೆಯಲ್ಲಿ ಕ್ಯಾಮೆರಾ ಬಿಸಿಯಾಗುವುದೂ ಕಡಿಮೆ.

ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಮೂಡುಬಿದಿರೆ ಹತ್ತಿರವೇ ಇದ್ದವರು. ಇನ್ನು ಆ ಏರು ಶ್ರುತಿಯನ್ನು ಕೇಳಬೇಕಾದರೆ ಧ್ವನಿಮುದ್ರಣವೇ ಗತಿ. ಇವತ್ತು ಹಾಡುತ್ತಿರುವವರಿಗೂ ನಾಳೆ ಇದೇ ಮಾತು. ಆಗ ಮೊಮ್ಮಕ್ಕಳು ಹಿನ್ನೆಲೆ ಎಷ್ಟು ಚೆಂದ ಮಸುಕಾಗಿದೆ ಅಂತ ಕೇಳುತ್ತಾರಾ, ಪದ್ಯ ಕೇಳಿಸುತ್ತದಾ ಅಂತ ಕೇಳುತ್ತಾರಾ?

ಇದ್ದ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಇಡಿ, ಪ್ರೇಕ್ಷಕರಿಗೆ ಅಡ್ಡ ನಿಲ್ಲಬೇಡಿ, ಉಳಿದ ದುಡ್ಡಲ್ಲಿ ರೆಕಾರ್ಡರ್ ತನ್ನಿ. ನೀವೇನಂತೀರಿ?